ನಿಂತ ಇಂಜಿನ್ನಿನ ಬಡಿತ

ಬೇಕರಿಯವನ ಕಾರಿನ ಬಾನೆಟ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಚುರ್ ಎಂದು ಆರಿಹೋಗುತ್ತಿತ್ತು. ಇಪ್ಪತ್ತೆಂಟು ವರ್ಷದ ಹಳೆಯ ಟರ್ಬೊ ಕಾರು ಅದು. ಅವನ ಅಪ್ಪ ಕೊಂಡದ್ದು. ಅಪ್ಪ ಹೋದ ಮೇಲೆ ಮಾರಲು ಮನಸ್ಸು ಬಾರದೆ ಇವನೇ ಓಡಿಸುತ್ತಿದ್ದ. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇರುವ ಕಡೆ ಬಾನೆಟ್ಟಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಪಕ್ಕದ ರಬ್ಬರ್ ಕೊಳವೆಯೊಂದು ಮೆತ್ತಗಾಗಿ ಜೋತುಬಿದ್ದಿತ್ತು.

“ಅಕ್ಕಾ, ನನ್ನ ಬ್ರೆಡ್ ಒಲೆ ಕೂಡ ಇಷ್ಟು ಕಾಯಲ್ಲ,” ಎಂದ ಬೇಕರಿಯವನು. “ಏರು ಹತ್ತೋಕೆ ದಮ್ಮಿಲ್ಲ. ಪೆಟ್ರೋಲ್ ಮಾತ್ರ ಗಟಗಟ ಕುಡಿಯುತ್ತೆ. ನಾಳೆಯಿಂದ ಬನ್ನನ್ನ ಇದರೊಳಗೇ ಬೇಯಿಸ್ತೀನಿ ನೋಡಿ.”

“ಬೇಯಿಸು. ಆಗಲಾದ್ರೂ ಒಳಗೆ ಹಸಿ ಇರಲ್ಲ,” ಎಂದೆ.

ಗ್ಯಾರೇಜಿನ ಒಳಗಡೆ, ನೆರಳಿಗೆ ಕಾರನ್ನು ತಂದು ಬಾನೆಟ್ ಎತ್ತಿದೆ. ಇಂಜಿನ್ನಿನೊಳಗೆ ಉರಿದ ಗಾಳಿಯನ್ನು ಟರ್ಬೊಗೆ ಒಯ್ಯುವ ಎರಕದ ಕೊಳವೆಗೆ ನಾವು ಮ್ಯಾನಿಫೋಲ್ಡ್ ಅನ್ನುತ್ತೇವೆ. ಅದು ಕೆಂಪಗೆ ಕಾದಿತ್ತು. ಹೊಸ ಕಾರಾದರೂ ಕಾಯುತ್ತದೆ, ಟರ್ಬೊ ಕಾರಂತೂ ಇನ್ನೂ ಕಾಯುತ್ತದೆ. ಆದರೆ ಸುಮ್ಮನೆ ನಿಂತು ಗುರುಗುಡುವ ಇಂಜಿನ್ನು ಇಷ್ಟು ಕೆಂಪಾಗುವುದನ್ನು ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಎರಡು ಸಲ ನೋಡಿದ್ದೆ, ಅಷ್ಟೇ.

ಗ್ಯಾರೇಜು ನನ್ನದು ಮತ್ತು ನನ್ನ ಅಣ್ಣನದು. ಅಪ್ಪ ಕಟ್ಟಿದ್ದು, ಹಳೆಯ ಕಾರುಗಳಿಗೆ ಮಾತ್ರ. ಹೆಸರು ಇಬ್ಬರದಾದರೂ ಜನ ಬರುತ್ತಿದ್ದುದು ಅಣ್ಣನ ಕಿವಿಗೆ. ಇಂಜಿನ್ನಿನೊಳಗೆ ಕಿಡಿ ಯಾವ ಗಳಿಗೆಯಲ್ಲಿ ಹಾರಬೇಕು ಎಂಬುದಕ್ಕೆ ಟೈಮಿಂಗ್ ಅನ್ನುತ್ತಾರೆ. ಅದನ್ನು ಅಣ್ಣ ಕಿವಿಯಿಂದಲೇ ಕೂಡಿಸುತ್ತಿದ್ದ. ಗ್ಯಾರೇಜಿನ ಹಿಂದಿನ ಏರುರಸ್ತೆಗೆ ಕಾರನ್ನು ಒಯ್ದು, ಮೇಲಿನ ಗೇರಿನಲ್ಲಿ ಪೂರ್ತಿ ಒತ್ತಿ ಏರಿಸುತ್ತಿದ್ದ. ಕಿಡಿ ಬೇಗ ಆದರೆ ಇಂಜಿನ್ನು ಒಳಗಿಂದ ಟಕಟಕ ಬಡಿಯುತ್ತದೆ. ಆ ಬಡಿತ ಆಗಷ್ಟೇ ಶುರುವಾಗುವ ಕಡೆ ನಿಲ್ಲಿಸಿ, ಕೆಳಗಿಳಿದು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಬೋಲ್ಟ್ ಬಿಗಿಯುತ್ತಿದ್ದ. ನಾನು ಆಮೇಲೆ ಕಿಡಿಯ ಗಳಿಗೆ ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಪುಸ್ತಕದಲ್ಲಿ ಬರೆದ ಡಿಗ್ರಿಗೆ ಎಳ್ಳಷ್ಟೂ ಹೆಚ್ಚುಕಡಿಮೆ ಇರುತ್ತಿರಲಿಲ್ಲ. ಚಿಕ್ಕವಳಿದ್ದಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆಮೇಲೆ ನೋಡುವುದನ್ನೇ ಬಿಟ್ಟೆ.

ಬಿಡಲು ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಬೋಲ್ಟ್ ಬಿಗಿದವರು ಅದರ ತಲೆಗೆ ಬಣ್ಣದ ಚುಕ್ಕೆ ಇಡಬೇಕು. ಅಣ್ಣನದು ನೀಲಿ, ನನ್ನದು ಹಳದಿ. ಒಬ್ಬರು ಚುಕ್ಕೆ ಇಟ್ಟ ಬೋಲ್ಟನ್ನು ಇನ್ನೊಬ್ಬರು ಮುಟ್ಟಕೂಡದು. ಅಣ್ಣತಂಗಿ ದಿನಾ ಕಿತ್ತಾಡದೆ ಒಂದು ಸೂರಿನಡಿ ದುಡಿಯಲಿ ಎಂದು ಅಪ್ಪ ಮಾಡಿದ ಉಪಾಯ ಅದು. ಅಣ್ಣನದು ಸಮಾಧಾನದ ಸ್ವಭಾವ, ನನ್ನ ಕೋಪವೋ ಮೂಗಿನ ತುದಿಯಲ್ಲೇ. ಆ ಕಟ್ಟಳೆ ಇಲ್ಲದಿದ್ದರೆ ಗ್ಯಾರೇಜು ಎಂದೋ ಎರಡು ಹೋಳಾಗುತ್ತಿತ್ತು.

ಬೇಕರಿಯವನ ಕಾರಿನ ಡಿಸ್ಟ್ರಿಬ್ಯೂಟರ್ ಬೋಲ್ಟಿನ ಮೇಲೆ ನೀಲಿ ಚುಕ್ಕೆ ಇತ್ತು. ಹಾಗಾಗಿ ನಾನು ಅದೊಂದನ್ನು ಬಿಟ್ಟು ಲೋಕದಲ್ಲಿರುವುದನ್ನೆಲ್ಲ ಹುಡುಕಿದೆ.

ಮೊದಲು ಸೈಲೆನ್ಸರ್ ಕಟ್ಟಿಕೊಂಡಿರಬಹುದು ಎಂದುಕೊಂಡೆ. ಉರಿದ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಬಿಸಿ ಒಳಗೇ ಉಳಿಯುತ್ತದೆ. ಮುಂದಿನ ಕೊಳವೆ ಬಿಚ್ಚಿ ಹಾಗೇ ಓಡಿಸಿ ನೋಡಿದೆ. ರಸ್ತೆಯವರೆಲ್ಲ ಬೈದದ್ದು ಬಂತೇ ಹೊರತು ಬಿಸಿ ಕಡಿಮೆಯಾಗಲಿಲ್ಲ. ಪೆಟ್ರೋಲ್ ಸಾಲದೆ ಹೋದರೂ ಹೀಗೆ ಕಾಯುತ್ತದೆ ಎಂದು ಪಂಪಿನ ಒತ್ತಡ ಅಳೆದೆ, ಸರಿಯಾಗಿಯೇ ಇತ್ತು. ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳಿಗೆ ಸೋಪಿನ ನೀರು ಹಚ್ಚಿದೆ. ಒಂದು ಕಡೆ ಗುಳ್ಳೆ ಎದ್ದಿತು. ಸಿಕ್ಕಿತು ಕಳ್ಳ ಎಂದು ಖುಷಿಯಿಂದ ಹೊಸ ಕೊಳವೆ ಹಾಕಿ, ಬೇಕರಿಯವನನ್ನು ಕರೆದು, ಹೋಗಿ ಬಾ ಎಂದು ಕೀಲಿಕೈ ಕೊಟ್ಟೆ. ನಾಲ್ಕನೇ ದಿನ ಮತ್ತೆ ಬಂದ. ಬಂದವನು ಏನೂ ಮಾತಾಡದೆ ಬಾನೆಟ್ ಮೇಲೆ ಒಂದು ಹನಿ ನೀರು ಬಿಟ್ಟು ನನ್ನ ಮುಖ ನೋಡಿದ.

ಅಣ್ಣ ಈ ಹುಡುಕಾಟಕ್ಕೆಲ್ಲ ಪಕ್ಕದಲ್ಲೇ ಇದ್ದ. ಕೊಳವೆ ಹಿಡಿದುಕೊಂಡ, ಸೋಪಿನ ನೀರು ಕಲಸಿಕೊಟ್ಟ. “ಟರ್ಬೊನೇ ಹಳೇದಾಗಿದೆ ಬಿಡು,” ಅನ್ನುತ್ತಿದ್ದ. ಅವನ ಮುಖದಲ್ಲಿ ನಿದ್ದೆಗೆಟ್ಟ ಕಳೆ ಇತ್ತು. ಕೇಳಿದರೆ ವಯಸ್ಸಾಯ್ತಲ್ಲ ಎಂದು ನಗುತ್ತಿದ್ದ. ಐವತ್ತೇಳು ಏನು ಮಹಾ ವಯಸ್ಸು!

ಎರಡನೇ ವಾರದ ಕೊನೆಗೆ ಉಳಿದದ್ದು ಒಂದೇ. ಕಿಡಿ ತಡವಾಗಿ ಹಾರಿದರೆ ಬೆಂಕಿ ಇಂಜಿನ್ನಿನೊಳಗೆ ಉರಿದು ಮುಗಿಯುವುದಿಲ್ಲ. ಉರಿಯುತ್ತಲೇ ಬಾಗಿಲು ದಾಟಿ ಮ್ಯಾನಿಫೋಲ್ಡಿಗೆ ಬರುತ್ತದೆ, ಶಕ್ತಿಯಾಗಬೇಕಾದದ್ದೆಲ್ಲ ಬಿಸಿಯಾಗುತ್ತದೆ. ದಮ್ಮಿಲ್ಲ, ಪೆಟ್ರೋಲ್ ಕುಡಿಯುತ್ತೆ, ಕಾಯುತ್ತೆ. ಬೇಕರಿಯವನು ಮೊದಲ ದಿನವೇ ಮೂರನ್ನೂ ಹೇಳಿದ್ದ. ಟೈಮಿಂಗ್ ಎಂದು ಹೇಳಲು ಮೂರು ವರ್ಷದ ಅನುಭವ ಸಾಕು. ನನಗೆ ಗೊತ್ತಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತು ಮಾಡಿಕೊಳ್ಳಲು ಹೆದರಿದ್ದೆ. ಆ ಬೋಲ್ಟು ತಪ್ಪಾಗಿದ್ದರೆ ಅಣ್ಣನ ಕಿವಿ ಹೋಗಿದೆ ಎಂದು ಅರ್ಥ. ಕಿವಿ ಹೋದರೆ ಅವನಿಗೆ ಈ ಗ್ಯಾರೇಜಿನಲ್ಲಿ ಉಳಿಯುವುದಾದರೂ ಏನು?

ಅಣ್ಣ ಊಟಕ್ಕೆ ಹೋದಾಗ ಲೈಟ್ ಹಿಡಿದೆ. ಇಂಜಿನ್ನಿನ ತಿರುಗುವ ಚಕ್ರದ ಮೇಲಿನ ಗುರುತು ಹತ್ತು ಡಿಗ್ರಿ ಮುಂದೆ ಇರಬೇಕಿತ್ತು. ಸೊನ್ನೆಯನ್ನೂ ದಾಟಿ ಎರಡು ಡಿಗ್ರಿ ಹಿಂದೆ ಬಿದ್ದಿತ್ತು. ನನ್ನ ಕಣ್ಣನ್ನೇ ನಂಬದೆ ಮೂರು ಸಲ ನೋಡಿದೆ. ಆಮೇಲೆ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ. ಅಣ್ಣನ ಬೋಲ್ಟು ಸಡಿಲಿಸಿ, ಟೈಮಿಂಗ್ ಸರಿಮಾಡಿ, ನೀಲಿಯ ಮೇಲೆ ಹಳದಿ ಚುಕ್ಕೆ ಇಟ್ಟೆ. ಹತ್ತು ನಿಮಿಷದಲ್ಲಿ ಮ್ಯಾನಿಫೋಲ್ಡಿನ ಕೆಂಪು ಇಳಿಯಿತು.

ಅಣ್ಣನಿಗೆ ಹೇಳಲಿಲ್ಲ. ಹೇಗೆ ಹೇಳಲಿ? ನಿಧಾನಕ್ಕೆ, ಅವನಿಗೆ ನೋವಾಗದ ಹಾಗೆ ಯಾವತ್ತಾದರೂ ಹೇಳೋಣ ಎಂದುಕೊಂಡೆ. ನನ್ನಂಥ ಬಾಯಿಬಡುಕಿ ನಿಧಾನಕ್ಕೆ ಹೇಳುವ ಯೋಚನೆ ಮಾಡಿದ್ದು ಅದೇ ಮೊದಲು.

ಎಂಟು ದಿನಕ್ಕೆ ಬೇಕರಿಯವನು ಮತ್ತೆ ಬಂದ. ಕಾರು ಮತ್ತೆ ಕೆಂಡ. ಬಾನೆಟ್ ಎತ್ತಿದರೆ ನನ್ನ ಹಳದಿಯ ಮೇಲೆ ಹೊಸ ನೀಲಿ ಚುಕ್ಕೆ.

“ನಿಮ್ಮಣ್ಣ ಮೊನ್ನೆ ಬೆಳಿಗ್ಗೆ ಬ್ರೆಡ್ ತಗೊಳ್ಳೋಕೆ ಬಂದಿದ್ರು,” ಎಂದ ಬೇಕರಿಯವನು. “ಇಂಜಿನ್ ಬಡಿತಾ ಇದೆ, ಹೀಗೇ ಓಡಿಸಿದ್ರೆ ಪಿಸ್ಟನ್ ತೂತಾಗುತ್ತೆ ಅಂತ ಅಲ್ಲೇ ಅಂಗಡಿ ಮುಂದೆ ಸರಿಮಾಡಿ ಕೊಟ್ಟೋದ್ರು. ನಾನು ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ನನಗೆ ತಲೆ ಕೆಟ್ಟುಹೋಯಿತು. ಅಣ್ಣ ಆಗ ಬೆಂಚಿನ ಹತ್ತಿರ ಕಾರ್ಬುರೇಟರ್ ತೊಳೆಯುತ್ತಿದ್ದ. “ಅಣ್ಣಾ! ಬಾ ಇಲ್ಲಿ!” ಎಂದು ಕೂಗಿದೆ. ಆ ಕೂಗಿಗೆ ಎದುರಿನ ಟೈರ್ ಅಂಗಡಿಯವನೂ ಹೊರಗೆ ಬಂದು ನಿಂತ.

ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಬಾನೆಟ್ ನೋಡಿದ, ನನ್ನ ಕೈಯಲ್ಲಿದ್ದ ಲೈಟ್ ನೋಡಿದ. “ನನ್ನ ಬೋಲ್ಟು ಮುಟ್ಟಿದ್ದು ನೀನಾ?” ಎಂದ. ಸಿಟ್ಟಿನಿಂದಲ್ಲ, ನಂಬಲಾರದೆ ಕೇಳಿದ ಹಾಗಿತ್ತು.

“ಹೌದು, ನಾನೇ. ಹನ್ನೆರಡು ಡಿಗ್ರಿ ಹಿಂದೆ ಇಟ್ಟಿದೀಯ. ಹನ್ನೆರಡು! ಕಲಿಯೋಕೆ ಬಂದೋನು ಕೂಡ ಹಾಗೆ ಮಾಡಲ್ಲ.”

“ಬಡಿತಾ ಇದೆ ಕಣೆ. ಹಿಂದೆ ಇಟ್ರೂ ಬಿಡಿಬಿಡಿಯಾಗಿ ಬಡಿತಾನೇ ಇದೆ. ಒಳಗೊಳಗೇ ಬಡಿಯೋ ಇಂಥದ್ದೇ ಅಪಾಯ. ಏರು ಹತ್ತಿಸಿದ್ರೆ ಜೋರಾಗುತ್ತೆ. ಸುಮ್ನೆ ನಿಂತು ಕೇಳು, ನಿನಗೂ ಗೊತ್ತಾಗುತ್ತೆ.”

ಕೇಳಿದೆ. ಏನೂ ಇರಲಿಲ್ಲ. ಬೇಕರಿಯವನನ್ನು ಕೇಳಿದೆ, ಅವನೂ ಇಲ್ಲವೆಂದು ತಲೆಯಾಡಿಸಿದ. ಲೈಟ್ ಹಿಡಿದು ತೋರಿಸಿದೆ. ಅಣ್ಣ ಗುರುತಿನ ಕಡೆ ನೋಡಲೇ ಇಲ್ಲ, ತಲೆ ಒಂದು ಪಕ್ಕಕ್ಕೆ ವಾಲಿಸಿ, “ಇದೆ. ಇದೆ ಕಣೆ. ಈಗಲೂ ಇದೆ,” ಅನ್ನುತ್ತಲೇ ಇದ್ದ.

ನಾನು ಕಾರಿನೊಳಗೆ ಕೈಹಾಕಿ ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದೆ. ಗ್ಯಾರೇಜು ಗಕ್ಕನೆ ಮೌನವಾಯಿತು.

“ಈಗ? ಈಗ ಹೇಳು. ಇದೆಯಾ?”

ಅಣ್ಣ ತಲೆಯನ್ನು ಇನ್ನೊಂದು ಪಕ್ಕಕ್ಕೆ ವಾಲಿಸಿದ. “ಇದೆ,” ಎಂದ.

ಬೇಕರಿಯವನು ಪುಸಕ್ಕನೆ ನಕ್ಕ. ಪಾಪ, ತಮಾಷೆ ಎಂದುಕೊಂಡ. ಅವನು ನಕ್ಕದ್ದು ಕೇಳಿ ನನಗೆ ಮೈಯೆಲ್ಲ ಉರಿಯಿತು. “ನಿಂತಿರೋ ಇಂಜಿನ್ ಬಡಿಯುತ್ತಾ? ಕಿವಿ ಅಲ್ಲ ಅಣ್ಣ, ನಿನ್ನ ತಲೆಯೇ ಕೆಟ್ಟಿದೆ! ಇನ್ನು ಮೇಲೆ ಯಾವ ಕಾರೂ ಮುಟ್ಟಬೇಡ. ಇದ್ದ ಹೆಸರೆಲ್ಲ ಮಣ್ಣುಪಾಲು ಮಾಡ್ತೀಯ. ಮನೇಲಿ ಬಿದ್ದಿರು ಹೋಗು!”

ಬಾಯಿಂದ ಬಂದಾಗಿತ್ತು. ಅಣ್ಣ ನನ್ನ ಕೈಯಲ್ಲಿದ್ದ ಕೀಲಿಕೈಯನ್ನೇ ನೋಡುತ್ತಿದ್ದ. ಅವನ ಮುಖದ ಮೇಲೆ ಅವಮಾನ ಇರಬಹುದು ಎಂದು ಆಗ ಅನ್ನಿಸಿತ್ತು. ಈಗ ಗೊತ್ತು, ಅದು ಹೆದರಿಕೆ. ಇಂಜಿನ್ ನಿಂತರೂ ಸದ್ದು ನಿಲ್ಲಲಿಲ್ಲ ಎಂಬುದು ಅವನಿಗೂ ಆ ಗಳಿಗೆಯಲ್ಲೇ ತಿಳಿದದ್ದು.

“ಹಾಗಾದ್ರೆ ಇಲ್ಲ ಬಿಡು,” ಎಂದು ಮೆಲ್ಲಗೆ ಹೇಳಿ, ಮೇಲಂಗಿ ಬಿಚ್ಚಿ ಮೊಳೆಗೆ ಹಾಕಿ, ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನ ಮನೆ ಗ್ಯಾರೇಜಿನಿಂದ ಹದಿನೈದು ನಿಮಿಷದ ನಡಿಗೆ. ಹೋಗಬಹುದಿತ್ತು. ತಪ್ಪು ಯಾರದು? ಅವನದು. ಕಟ್ಟಳೆ ಮುರಿದದ್ದು ನಾನಾದರೂ ಕಾರು ಸರಿಯಾದದ್ದು ನನ್ನಿಂದ ತಾನೇ? ಅವನೇ ಬರಲಿ, ಬಂದು ಒಂದು ಮಾತು ಹೌದು ಅನ್ನಲಿ, ಆಮೇಲೆ ಎಲ್ಲ ಮೊದಲಿನ ಹಾಗೇ ಆಗುತ್ತದೆ. ಹೀಗೆ ಮುಖ ಊದಿಸಿಕೊಂಡು ಹತ್ತೊಂಬತ್ತು ದಿನ ಕಳೆದೆ. ನನ್ನ ಹಟ ನನಗೇ ಗೊತ್ತು, ಇನ್ನೂ ಹತ್ತೊಂಬತ್ತು ದಿನ ಕಳೆಯುತ್ತಿದ್ದೆನೇನೋ. ಇಪ್ಪತ್ತನೆಯ ದಿನ ಅತ್ತಿಗೆ ಬಂದರು.

ಅತ್ತಿಗೆ ಬಟ್ಟೆ ಹೊಲಿಯುವವರು. ಮನೆಯ ಮುಂದಿನ ಕೋಣೆಯಲ್ಲೇ ಅವರ ಮಷಿನ್ನು. ಗ್ಯಾರೇಜಿಗೆ ಅವರು ಬರುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ, ಅದೂ ಮೂಗಿಗೆ ಸೆರಗು ಹಿಡಿದು. ಅವತ್ತು ಸೆರಗು ಹಿಡಿದಿರಲಿಲ್ಲ.

“ನಿಮ್ಮ ಅಣ್ಣತಂಗಿ ಜಗಳ ನೀವೇ ಮುಗಿಸ್ಕೊಳ್ಳಿ, ನಾನು ಅದಕ್ಕೆ ಬಂದಿಲ್ಲ,” ಎಂದರು. “ನಿಮ್ಮಣ್ಣ ಮನೇಲಿರೋ ಗಡಿಯಾರದ ಬ್ಯಾಟರಿಗಳನ್ನೆಲ್ಲ ತೆಗೆದಿಟ್ಟಿದಾರೆ. ಟಿಕ್ ಟಿಕ್ ಸಹಿಸೋಕಾಗ್ತಿಲ್ಲವಂತೆ. ಸರಿ, ತೆಗೀಲಿ ಬಿಡು ಅಂದೆ. ತೆಗೆದ ಮೇಲೂ ಇನ್ನೊಂದು ಎಲ್ಲೋ ಇದೆ ಅಂತ ಬೀರು ಹಿಂದೆ, ಮಂಚದ ಕೆಳಗೆ ಹುಡುಕ್ತಾರೆ. ಮಲಗಿದ್ರೆ ದಿಂಬನ್ನ ಕಿವಿಗೆ ಒತ್ಕೊಂಡೇ ಮಲಗ್ತಾರೆ. ಇಲ್ಲದ ಗಡಿಯಾರ ಹುಡುಕೋರಿಗೆ ನಾನೇನು ಹೇಳಲಿ? ನನ್ನ ಮಾತಂತೂ ಕೇಳ್ತಿಲ್ಲ, ನೀನಾದ್ರೂ ಬಂದು ಹೇಳು.”

ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟೆ. ನಿಂತ ಇಂಜಿನ್ನು. ಬ್ಯಾಟರಿ ಇಲ್ಲದ ಗಡಿಯಾರ. ನಾನು ಎರಡು ವಾರ ಕಾರಿನಲ್ಲಿ ಮಾಡಿದ್ದೂ ಇದನ್ನೇ ತಾನೇ: ಒಂದೊಂದನ್ನೇ ಬಿಚ್ಚಿಟ್ಟು, ಇದಲ್ಲ, ಇದಲ್ಲ, ಎಂದು ಕೊನೆಗೆ ಉಳಿದದ್ದನ್ನು ಹಿಡಿಯುವುದು. ಎಲ್ಲವನ್ನೂ ಬಿಚ್ಚಿಟ್ಟರೆ ಉಳಿಯುವವನು ಅಣ್ಣ ಒಬ್ಬನೇ.

ಇಂಜಿನ್ನಿನೊಳಗಿನ ಸದ್ದು ಕೇಳಲು ನಮ್ಮ ಹತ್ತಿರವೂ ಒಂದು ಸ್ಟೆತೋಸ್ಕೋಪ್ ಇರುತ್ತದೆ. ಡಾಕ್ಟರರದೇ ತರಹ, ತುದಿಯಲ್ಲಿ ಮಾತ್ರ ಉದ್ದನೆಯ ಉಕ್ಕಿನ ಸರಳು. ಅದನ್ನು ಜೇಬಿಗೆ ತುರುಕಿಕೊಂಡು, ಗ್ಯಾರೇಜಿಗೆ ಬೀಗ ಕೂಡ ಹಾಕದೆ ಓಡಿದೆ. ಅತ್ತಿಗೆ ಹಿಂದಿನಿಂದ, “ಅಯ್ಯೋ, ನಿಧಾನ ಕಣೆ!” ಎನ್ನುತ್ತ ಬಂದರು.

ಅಣ್ಣ ಅಡುಗೆಮನೆಯಲ್ಲಿ ನಲ್ಲಿ ಪೂರ್ತಿ ತಿರುಗಿಸಿಟ್ಟು ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ನೀರಿನ ಸದ್ದಿನಲ್ಲಿ ಅದು ಅಷ್ಟಾಗಿ ಕೇಳಿಸುವುದಿಲ್ಲ ಎಂದು ಆಮೇಲೆ ಹೇಳಿದ. ನನ್ನನ್ನು ನೋಡಿ ಎದ್ದ.

“ಬೈಯೋಕೆ ಬಂದ್ಯಾ?”

“ಬಾಯಿ ಮುಚ್ಕೊಂಡು ಕೂತ್ಕೋ,” ಎಂದೆ. ಕ್ಷಮೆ ಕೇಳಲು ಬಂದವಳು ಆಡುವ ಮಾತೇ ಅದು? ನಲ್ಲಿ ನಿಲ್ಲಿಸಿದೆ. ಸರಳನ್ನು ತಿರುಚಿ ತೆಗೆದು, ರಬ್ಬರ್ ಕೊಳವೆಯ ಬಾಯನ್ನು ಅವನ ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿ, ಉಸಿರು ಬಿಗಿಹಿಡಿದು ಕೇಳಿದೆ.

ಅಲ್ಲಿತ್ತು. ಬುಸ್ ಎಂದು ನುಗ್ಗಿ ಕೊನೆಯಲ್ಲಿ ಟಿಕ್ ಎನ್ನುವ ಸದ್ದು. ಮತ್ತೆ, ಮತ್ತೆ. ಅವನ ಮುಂಗೈ ಹಿಡಿದು ನಾಡಿ ನೋಡಿದೆ. ನಾಡಿಯ ಒಂದೊಂದು ಬಡಿತಕ್ಕೂ ಒಂದೊಂದು.

“ಕೇಳ್ತಾ?” ಎಂದ ಅಣ್ಣ.

“ಕೇಳ್ತು.”

“ನಿಜವಾಗ್ಲೂ ಕೇಳ್ತಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?”

“ಕೇಳ್ತು ಅಣ್ಣ. ನೀನು ಹೇಳಿದ್ದು ಸರಿ. ಇದೆ.”

ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಅಷ್ಟು ದಿನ ತನಗೆ ಹುಚ್ಚು ಹಿಡಿಯುತ್ತಿದೆ ಎಂದುಕೊಂಡಿದ್ದನಂತೆ. ನಾನೂ ಅತ್ತೆ. ಅತ್ತಿಗೆ ಬಾಗಿಲಲ್ಲಿ ನಿಂತು, ಇಬ್ಬರಿಗೂ ಏನಾಯಿತು ಎಂದು ತಿಳಿಯದೆ, ತಾವೂ ಕಣ್ಣೊರೆಸಿಕೊಂಡರು.

ಅವತ್ತೇ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನ ಹಾಗೇ ಕಿವಿಯ ಹಿಂದೆ ಇಟ್ಟು ಕೇಳಿದರು, ತಲೆಯ ಸ್ಕ್ಯಾನ್ ತೆಗೆಸಿದರು. ತಲೆಯೊಳಗೆ ಕಿವಿಯ ಹತ್ತಿರ ಎರಡು ರಕ್ತನಾಳಗಳು ಕೂಡಬಾರದ ಕಡೆ ಕೂಡಿಕೊಂಡಿವೆ ಎಂದರು. ತೆಳ್ಳಗಿರುವ ನಾಳದೊಳಗೆ ಜೋರಿನ ರಕ್ತ ನುಗ್ಗುತ್ತಿದೆ, ಅದೇ ಸದ್ದು. ಎದೆ ಜೋರಾಗಿ ಹೊಡೆದುಕೊಂಡಾಗಲೆಲ್ಲ ಸದ್ದೂ ಜೋರಾಗುತ್ತದೆ. ಏರಿನಲ್ಲಿ ಕಾರು ಒತ್ತಿ ಓಡಿಸುವಾಗ ಅವನಿಗೆ ಕೇಳಿಸುತ್ತಿದ್ದುದು ಅದೇ. ಒಡೆದರೆ ಕಷ್ಟ, ಒಡೆಯುವ ಮೊದಲು ಮುಚ್ಚಬಹುದು ಎಂದು ಹೇಳಿ ಮುಂದಿನ ವಾರದ ಗುರುವಾರಕ್ಕೆ ಆಪರೇಷನ್ ಎಂದು ಬರೆದುಕೊಟ್ಟರು. “ಯಾವಾಗಿನಿಂದ ಇದೆ?” ಎಂದು ಕೇಳಿದರು. ಅಣ್ಣ ಯೋಚಿಸಿ, “ಮೂರು ನಾಲ್ಕು ತಿಂಗಳಾಗಿರಬಹುದು,” ಎಂದ.

ಆಮೇಲಿನ ಆರು ದಿನ ಅಣ್ಣ ಖುಷಿಯಾಗಿದ್ದ. ಭಾರ ಎತ್ತಬೇಡಿ ಎಂದಿದ್ದರು. ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕೂತು ನನ್ನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದ. ಬೇಕರಿಯವನು ಒಂದು ಕೇಕು ತಂದು ಮುಂದಿಟ್ಟು ತಲೆ ತಗ್ಗಿಸಿ ನಿಂತ. “ಅವತ್ತು ನಕ್ಕುಬಿಟ್ಟೆ ಅಣ್ಣಾ, ತಪ್ಪಾಯ್ತು.” ಅಣ್ಣ ಅವನ ಬೆನ್ನು ತಟ್ಟಿ, “ನಗದೆ ಇನ್ನೇನು ಮಾಡ್ತೀಯ? ನಿಂತ ಇಂಜಿನ್ ಬಡೀತಿದೆ ಅಂದೋನನ್ನ ನೋಡಿ ನಾನಾದ್ರೂ ನಗ್ತಿದ್ದೆ,” ಎಂದ. ನನ್ನ ಕಡೆ ತಿರುಗಿ, “ಗುರುವಾರ ನನ್ನ ಟೈಮಿಂಗ್ ಸರಿಯಾಗುತ್ತೆ. ಆಮೇಲೆ ಏರುರಸ್ತೆಗೆ ಹೋಗೋಣ. ನೀನು ಲೈಟ್ ಹಿಡಿ, ನಾನು ಕಿವಿ ಕೊಡ್ತೀನಿ, ನೋಡೇ ಬಿಡೋಣ,” ಎಂದ. ನೋಡೇ ಬಿಡೋಣ ಎಂದು ನಾನೂ ಸವಾಲು ಹಾಕಿದೆ.

ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಹಾಗೇ ಕುಸಿದ. ಗುರುವಾರದವರೆಗೂ ಉಸಿರಿತ್ತು. ಆಪರೇಷನ್ ಎಂದು ಬರೆದುಕೊಟ್ಟಿದ್ದ ಹೊತ್ತಿಗೆ ಸರಿಯಾಗಿ ಅವನನ್ನು ನಮಗೆ ಒಪ್ಪಿಸಿದರು. ಡಾಕ್ಟರಮ್ಮನ ಕಣ್ಣೂ ಒದ್ದೆಯಾಗಿತ್ತು. “ಇನ್ನೂ ಸ್ವಲ್ಪ ಮೊದಲು ಬಂದಿದ್ರೆ…” ಎಂದು ಶುರುಮಾಡಿ ನಿಲ್ಲಿಸಿದರು.

ಅತ್ತಿಗೆ ಆ ಮಾತನ್ನು ಹಿಡಿದುಕೊಂಡರು. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿ ತಮ್ಮನ್ನು ತಾವೇ ಬೈದುಕೊಂಡರು. ಪಕ್ಕದಲ್ಲಿ ಮಲಗುವವಳು ನಾನು, ನಾಲ್ಕು ತಿಂಗಳು ನನಗೇ ತಿಳಿಯದೆ ಹೋಯಿತಲ್ಲ, ನಾನೆಂಥ ಹೆಂಗಸು! ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ಗ್ಯಾರೇಜು ತೆರೆದ ಮೇಲೆ ಮೊದಲು ಮಾಡಬೇಕಾದ ಕೆಲಸ ಯಾವುದೆಂದು ನನಗೆ ಗೊತ್ತಿತ್ತು. ಬೇಕರಿಯವನದೊಂದೇ ಕಾರಲ್ಲ. ಈಚೆಗೆ ಅಣ್ಣ ಟೈಮಿಂಗ್ ಇಟ್ಟ ಕಾರುಗಳೆಲ್ಲ ಹೀಗೇ ಒಳಗೊಳಗೇ ಕಾಯುತ್ತಿರಬೇಕು. ಕೆಲಸದ ಪುಸ್ತಕ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಟ್ಟು ಇಪ್ಪತ್ತಮೂರು ಕಾರು. ದಿನಕ್ಕೆ ಎರಡು ಮೂರು ಬರುತ್ತಿದ್ದವು. ಬಂದವರು ಅಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಸ್ಟೂಲಿನ ಮೇಲೆ ಕೂತು ಕಾಯುತ್ತಿದ್ದರು. ನಾನು ಬಾನೆಟ್ ಎತ್ತಿ ಲೈಟ್ ಹಿಡಿದು ಎಷ್ಟು ಡಿಗ್ರಿ ಹಿಂದೆ ಬಿದ್ದಿದೆ ಎಂದು ಬರೆದುಕೊಂಡು, ನೀಲಿ ಚುಕ್ಕೆಯ ಬೋಲ್ಟನ್ನು ಸಡಿಲಿಸುತ್ತಿದ್ದೆ. ಅವನ ಕೈಯ ಕೆಲಸವನ್ನು ನನ್ನ ಕೈಯಿಂದಲೇ ಅಳಿಸುತ್ತಿದ್ದೆ.

ಬರೆದುಕೊಂಡದ್ದನ್ನು ಒಂದು ಸಂಜೆ ತಾರೀಖಿನ ಪ್ರಕಾರ ಜೋಡಿಸಿದೆ. ಈಚಿನದು ಹನ್ನೆರಡು ಡಿಗ್ರಿ. ಅದಕ್ಕೂ ಹಿಂದಿನವು ಹನ್ನೊಂದು, ಒಂಬತ್ತು. ಕಳೆದ ಚಳಿಗಾಲದಲ್ಲಿ ಆರು. ಅದರಾಚೆ ನಾಲ್ಕು. ಹಿಂದೆ ಹೋದಷ್ಟೂ ಕಡಿಮೆಯಾಗುತ್ತ ಹೋಗಿ, ಪಶುವೈದ್ಯೆಯೊಬ್ಬರ ಹಳೆಯ ವ್ಯಾನಿನಲ್ಲಿ ಎರಡಕ್ಕೆ ನಿಂತಿತ್ತು. ಅದಕ್ಕಿಂತ ಹಿಂದಿನ ಕಾರುಗಳನ್ನೂ ತರಿಸಿ ನೋಡಿದೆ, ಎಲ್ಲ ಕರಾರುವಾಕ್ಕು. ಪಶುವೈದ್ಯೆಯ ವ್ಯಾನಿನ ತಾರೀಖು ಹದಿನಾಲ್ಕು ತಿಂಗಳ ಹಿಂದಿನದು.

ಮೂರು ನಾಲ್ಕು ತಿಂಗಳಲ್ಲ. ಹದಿನಾಲ್ಕು.

ಆ ವ್ಯಾನು ಬಂದ ದಿನ ನನಗೆ ಚೆನ್ನಾಗಿ ನೆನಪಾಯಿತು. ಹಿಂದಿನ ಸೀಟಿನಲ್ಲಿ ಒಂದು ಕುರಿಮರಿ ಇತ್ತು, ಅದು ನನ್ನ ಕೈಗವಸು ತಿಂದುಹಾಕಿತ್ತು. ನಾನು ಬೇರೆ ಕಾರಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದೆ. ಅಣ್ಣ ಏರುರಸ್ತೆಯಿಂದ ವಾಪಸ್ಸು ಬಂದು ನನ್ನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, “ಏನೋ ಟಿಕ್ ಟಿಕ್ ಅಂತ ಕೇಳಿಸ್ತಾ ಇದೆ ಕಣೆ. ನಿನಗೆ ಕೇಳ್ತಾ ಇದೆಯಾ?” ಎಂದಿದ್ದ. ನಾನು ಕೆಳಗಿನಿಂದ ತಲೆ ಕೂಡ ಹೊರಗೆ ಹಾಕದೆ, “ನನಗೇನೂ ಕೇಳ್ತಿಲ್ಲ. ಕಿವಿ ಕ್ಲೀನ್ ಮಾಡಿಸ್ಕೋ ಹೋಗು,” ಎಂದಿದ್ದೆ.

ಪುಸ್ತಕ ಹಿಡಿದು ಅತ್ತಿಗೆಯ ಮನೆಗೆ ಹೋದೆ. ಬೇಡ, ಸುಮ್ಮನಿರು, ಇದನ್ನು ಹೇಳಿ ಯಾರಿಗೆ ಏನು ಲಾಭ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಆದರೆ ಅವರು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದರೆ ನಾನು ಬಾಯಿಗೆ ಬೀಗ ಹಾಕಿಕೊಂಡಿರುವುದು ಯಾವ ನ್ಯಾಯ? ಅವರು ಮಷಿನ್ನಿನ ಮುಂದೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಎದುರಿಗೆ ಕೂತು, ಒಂದನ್ನೂ ಬಿಡದೆ ಹೇಳಿದೆ. ಹದಿನಾಲ್ಕು ತಿಂಗಳು. ಇಪ್ಪತ್ತಮೂರು ಕಾರು. ಕಾರಿನ ಕೆಳಗಿನಿಂದ ನಾನು ಆಡಿದ ಮಾತು. ಬೇಕರಿಯವನ ಎದುರು ಆಡಿದ ಮಾತು.

“ನಿಮ್ಮ ತಪ್ಪು ಏನೂ ಇಲ್ಲ ಅತ್ತಿಗೆ. ಅಣ್ಣ ಹೇಳಿದ್ದು ನನಗೆ. ಕೇಳಿಸ್ಕೊಳ್ಳದೇ ಇದ್ದೋಳು ನಾನು. ಬೈದುಬಿಡಿ ನನಗೆ.”

ಅತ್ತಿಗೆ ಬೈಯಲಿಲ್ಲ. ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು.

“ನೀನು ಜಗಳ ಆಡಿ ಕಳಿಸಿದ ದಿನ,” ಎಂದರು, “ಮನೆಗೆ ಬಂದೋರೇ ಎಲ್ಲ ಹೇಳಿದ್ರು. ಇಂಜಿನ್ ನಿಂತ ಮೇಲೂ ಕೇಳಿಸ್ತು ಅಂದ್ರು. ನನಗೆ ಭಯ ಆಯ್ತು. ನಡೀರಿ, ಡಾಕ್ಟರ ಹತ್ರ ತೋರಿಸ್ಕೊಂಡು ಬರೋಣ ಅಂದೆ. ದಿನಾ ಅಂದೆ. ಬೇಡ ಅಂದ್ರು. ‘ತಂಗಿ ಲೈಟ್ ಹಿಡಿದು ನೋಡಿದಾಳೆ, ನಿಂತು ಕಿವಿಗೊಟ್ಟು ಕೇಳಿದಾಳೆ. ಸದ್ದಿಲ್ಲ, ಎಲ್ಲ ನಿನ್ನ ತಲೆಯೊಳಗಿಂದು ಅಂದಿದಾಳೆ. ಅವಳು ನೋಡಿ ಇಲ್ಲ ಅಂದ್ಮೇಲೆ ಇಲ್ಲ. ನನ್ನ ಮನಸ್ಸಿಗೆ ಏನೋ ಆಗಿದೆ, ತಾನಾಗೇ ಹೋಗುತ್ತೆ’ ಅಂದ್ರು. ನಿನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ ಅವರಿಗೆ.”

ನನ್ನನ್ನು ಚುಚ್ಚಬೇಕೆಂದು ಅತ್ತಿಗೆ ಹೇಳಿದ್ದಲ್ಲ. ನನಗೆ ಸಮಾಧಾನವಾಗಲಿ ಎಂದೇ ಹೇಳಿದರು. ಹೇಳಿ, ಸೂಜಿ ಎತ್ತಿಕೊಂಡು ಮುಂದಿನ ಗುಂಡಿ ಹಚ್ಚತೊಡಗಿದರು.

ಆ ಹತ್ತೊಂಬತ್ತು ದಿನವೂ ನನ್ನ ಮಾತನ್ನು ನಂಬಿ ಅಣ್ಣ ಮನೆಯಲ್ಲಿ ಕೂತಿದ್ದ. ಅವನೇ ಮೊದಲು ಬರಲಿ ಎಂದು ನಾನು ಗ್ಯಾರೇಜಿನಲ್ಲಿ ಕೂತಿದ್ದೆ.